ಹಳೆಯ ಲಾರಿಯ ಕ್ಯಾಬಿನ್ ಸೋರಿಕೆ: ಹುಡುಕಿದ್ದು, ಸರಿಪಡಿಸಿದ್ದು

ಹಳೆಯ ಲಾರಿಯ ಕ್ಯಾಬಿನ್‌ನಲ್ಲಿ ನೀರು ಕಾಣಿಸಿಕೊಳ್ಳುವ ಜಾಗವೇ ಬೇರೆ, ಅದು ಒಳಗೆ ನುಗ್ಗುವ ಜಾಗವೇ ಬೇರೆ. ಮೇಲ್ಛಾವಣಿಯ ಅಂಚಿನಲ್ಲಿ ಒಳಸೇರಿದ ಹನಿ ಟೊಳ್ಳು ಕಂಬದೊಳಗೆ ಇಳಿದು, ಡ್ಯಾಶ್‌ಬೋರ್ಡಿನ ಹಿಂದಿನ ತಗಡಿನ ಮೇಲೆ ಹರಿದು, ವೈರಿಂಗ್ ಕಟ್ಟನ್ನು ಹಿಡಿದುಕೊಂಡು ಸಾಗಿ, ಕೊನೆಗೆ ಕಾಲಿಡುವ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಅಲ್ಲಿ ನಿಂತ ನೀರನ್ನು ನೋಡಿ ಹತ್ತಿರದ ಸಂದಿಗಳಿಗೆಲ್ಲ ಸೀಲಂಟ್ ಬಳಿದರೆ ಸೋರಿಕೆ ನಿಲ್ಲುವುದಿಲ್ಲ; ಎಷ್ಟೋ ಸಲ ಒಳಬಂದ ನೀರು ಹೊರಹೋಗಲು ಇದ್ದ ದಾರಿಯೂ ಅದರೊಂದಿಗೆ ಮುಚ್ಚಿಹೋಗುತ್ತದೆ.

ಇಲ್ಲಿ ಬರೆದಿರುವುದು ಮುಂದೆ ಬಾನೆಟ್ ಇರುವ, ಗಾಜುಗಳನ್ನು ರಬ್ಬರ್ ಬೀಡಿಂಗಿನಲ್ಲಿ ಕೂರಿಸಿರುವ, ಉಕ್ಕಿನ ತಗಡಿನ ಹಳೆಯ ಕ್ಯಾಬಿನ್ ಒಂದರ ಸೋರಿಕೆಗಳನ್ನು ಹುಡುಕಿ ಸರಿಪಡಿಸಿದ ವಿವರ. ಈ ಕೆಲಸದುದ್ದಕ್ಕೂ ನನಗೆ ದಾರಿ ತೋರಿದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗಿಲಿನ ಒಳಹೊಟ್ಟೆಗೂ, ಮುಂಗಾಜಿನ ಕೆಳಗಿನ ಗಾಳಿತೊಟ್ಟಿಗೂ ಮಳೆನೀರು ಬಂದೇ ಬರುತ್ತದೆಂದು ತಿಳಿದೇ ಕ್ಯಾಬಿನ್ ರೂಪಿಸಿರುತ್ತಾರೆ. ಹಾಗೆ ಬಂದ ನೀರು ಕೆಳಗಿನ ರಂಧ್ರಗಳಿಂದ ಹೊರಬೀಳಬೇಕೆಂಬುದು ಲೆಕ್ಕ. ಆದ್ದರಿಂದ ತೂತು ಮುಚ್ಚುವ ಕೆಲಸಕ್ಕಿಂತ ಮೊದಲು ಹೊರದಾರಿ ತೆರೆಯುವ ಕೆಲಸ ಆಗಬೇಕು.

ಯಾವ ನೀರು?

ಕ್ಲೀನರ್ ಬದಿಯ ನೆಲ ಸದಾ ಒದ್ದೆಯಾಗಿರುತ್ತಿತ್ತು, ಡ್ರೈವರ್ ಬದಿ ಅಷ್ಟಿಲ್ಲ. ಮಳೆಯನ್ನು ದೂರುವ ಮೊದಲು ಅದು ಮಳೆನೀರೇ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಹೀಟರ್ ಇರುವ ಕ್ಯಾಬಿನ್‌ನಲ್ಲಿ ಹೀಟರ್ ಕೋರ್ (ಗಾಳಿಯನ್ನು ಬಿಸಿ ಮಾಡುವ ಸಣ್ಣ ರೇಡಿಯೇಟರ್) ಸೋರುತ್ತಿದ್ದರೆ ಕೆಳಗಿಳಿಯುವುದು ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟ್. ಅದು ಬೆರಳಿಗೆ ಜಾರುಜಾರಾಗಿ ಅಂಟುತ್ತದೆ, ಸಿಹಿಯಾದ ವಾಸನೆ ಬರುತ್ತದೆ, ಹೀಟರ್ ಹಾಕಿದಾಗ ಗಾಜಿನ ಒಳಮೈಯಲ್ಲಿ ಒರೆಸಿದರೂ ಹೋಗದ ಜಿಡ್ಡಿನ ಮಂಜು ಕಟ್ಟುತ್ತದೆ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷವಾದ್ದರಿಂದ ರುಚಿ ನೋಡುವ ಮಾತೇ ಬೇಡ. ಬಿಳಿಯ ಕಾಗದವನ್ನು ಅದ್ದಿ ಬಣ್ಣ ನೋಡಿದರೆ ಸಾಕು. ಏರ್ ಕಂಡಿಷನರ್ ಇರುವ ವಾಹನದಲ್ಲಿ ಮಳೆಯಿಲ್ಲದ ದಿನವೂ ನೆಲ ಒದ್ದೆಯಾಗುತ್ತಿದ್ದರೆ, ತಂಪು ಕಾಯಿಲ್‌ನ ಮೇಲೆ ಕಟ್ಟುವ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿದೆ ಎಂದೇ ಮೊದಲು ಅನುಮಾನಿಸಬೇಕು. ನಮ್ಮ ಲಾರಿಯಲ್ಲಿ ಕಾಗದಕ್ಕೆ ಹತ್ತಿದ್ದು ತುಕ್ಕಿನ ಕಂದುಬಣ್ಣ ಮಾತ್ರ. ರೇಡಿಯೇಟರಿನ ಮಟ್ಟ ಇಳಿದಿರಲಿಲ್ಲ. ಒದ್ದೆ ಹೆಚ್ಚುತ್ತಿದ್ದದ್ದು ಮಳೆ ಬಂದ ಮೇಲೆಯೇ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಬಿಚ್ಚುವುದು

ಫ್ಯೂಸ್ ಪೆಟ್ಟಿಗೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ನೀರು ಇಳಿಯುವ ಬದಿಯಲ್ಲೇ ಇದ್ದುದರಿಂದ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದೆ. ಆಸನಗಳ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಮರುದಿನ ಬಿಚ್ಚಿ ಆಸನಗಳನ್ನು ಹೊರಗಿಟ್ಟೆ. ಮೇಲಿನ ರಬ್ಬರ್ ಮ್ಯಾಟ್ ಮುಟ್ಟಿದರೆ ಒಣಗಿಯೇ ಇತ್ತು. ಅದನ್ನು ಎತ್ತಿದಾಗ ಕೆಳಗಿನ ನಾರಿನ ಪ್ಯಾಡ್ ಭಾರವಾಗಿ ನೆಲಕ್ಕೆ ಕಚ್ಚಿಕೊಂಡಿತ್ತು. ಒಂದು ತುದಿಯನ್ನು ಹಿಡಿದು ಹಿಂಡಿದರೆ ಕಂದು ನೀರು ಬೆರಳುಗಳ ನಡುವಿನಿಂದ ಇಳಿಯಿತು. ಪ್ಯಾಡಿನ ತಳಕ್ಕೆ ತುಕ್ಕಿನ ಚಕ್ಕೆಗಳು ಅಂಟಿಕೊಂಡು ಬಂದವು. ನೆಲದ ತಗಡಿನಲ್ಲಿ ಬಲಕ್ಕಾಗಿ ಒತ್ತಿರುವ ಉಬ್ಬುಗೆರೆಗಳ ನೆತ್ತಿಯಲ್ಲಿ ಮೂಲ ಬಣ್ಣ ಹಾಗೆಯೇ ಇತ್ತು, ಗೆರೆಗಳ ನಡುವಿನ ತಗ್ಗುಗಳಲ್ಲಿ ಮಾತ್ರ ತಗಡು ಪದರ ಪದರವಾಗಿ ಎದ್ದಿತ್ತು. ಹಳೆಯ ಕ್ಯಾಬಿನ್‌ಗಳ ನೆಲ ಕೊಳೆಯುವುದು ಹೆಚ್ಚಾಗಿ ಹೀಗೆ, ಮೇಲಿನಿಂದ. ಮ್ಯಾಟು ಆವಿ ಹೊರಹೋಗದಂತೆ ಮುಚ್ಚಿರುತ್ತದೆ, ಪ್ಯಾಡು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಒಂದು ಮಳೆಯಲ್ಲಿ ಬಂದ ಲೋಟ ನೀರೂ ವಾರಗಟ್ಟಲೆ ಅಲ್ಲೇ ಕುಳಿತು ತನ್ನ ಕೆಲಸ ಮಾಡುತ್ತದೆ.

ಪ್ಯಾಡನ್ನು ಒಣಗಿಸಿ ಮತ್ತೆ ಹಾಕುವ ಯೋಚನೆ ಬೇಡ. ಬೂಷ್ಟು ಹಿಡಿದ ನಾರಿನ ವಾಸನೆ ಹೋಗುವುದಿಲ್ಲ, ಬಿಚ್ಚುವಾಗಲೂ ಮುಖಕ್ಕೆ ಮಾಸ್ಕ್ ಇರಬೇಕು. ಅದನ್ನು ಎಸೆದು, ಬಾಗಿಲುಗಳ ಒಳಹಲಗೆ, ಕಾಲಬದಿಯ ಹಲಗೆ, ಮುಂಗಾಜಿನ ಪಕ್ಕದ ಕಂಬದ ಹೊದಿಕೆ, ಗ್ಲೋವ್ ಬಾಕ್ಸ್ ಇಷ್ಟನ್ನೂ ತೆಗೆದೆ. ಒರೆಸುವುದಕ್ಕೆ ಮೊದಲು ತುಕ್ಕಿನ ಗೆರೆಗಳು, ಧೂಳಿನ ಮೇಲೆ ನೀರು ಇಳಿದ ಗುರುತುಗಳು, ನೀರು ನಿಂತು ಒಣಗಿದ ಅಂಚುಗಳು ಎಲ್ಲವನ್ನೂ ಚಿತ್ರ ತೆಗೆದಿಟ್ಟುಕೊಂಡೆ. ಅವೇ ಮೊದಲ ಸಾಕ್ಷಿ, ಒಮ್ಮೆ ಒರೆಸಿದರೆ ಮತ್ತೆ ಸಿಗುವುದಿಲ್ಲ. ಆಮೇಲೆ ಫ್ಯಾನ್ ಇಟ್ಟು ಕ್ಯಾಬಿನ್ ಪೂರ್ತಿ ಒಣಗುವವರೆಗೆ ಕಾದೆ. ಒಳಗೆ ಹಳೆಯ ತೇವ ಉಳಿದಿದ್ದರೆ ಯಾವ ಪರೀಕ್ಷೆಯನ್ನೂ ನಂಬುವಂತಿಲ್ಲ.

ಕೆಳಗಿನಿಂದ ಮೇಲಕ್ಕೆ ನೀರು ಬಿಡುವುದು

ಪರೀಕ್ಷೆಗೆ ಬೇಕಾದದ್ದು ನಳಿಗೆಯಿಲ್ಲದ ಹೋಸ್ ಪೈಪು, ಒಳ್ಳೆಯ ಟಾರ್ಚ್, ಟಾಲ್ಕಂ ಪೌಡರ್, ಅಗಲವಾದ ಅಂಟುಪಟ್ಟಿ, ಒಳಗೆ ಕೂರಲು ತಾಳ್ಮೆಯಿರುವ ಇನ್ನೊಬ್ಬ ಮನುಷ್ಯ. ವಾಹನ ತೊಳೆಯುವ ಪ್ರೆಷರ್ ಯಂತ್ರವನ್ನು ಬಳಸಬಾರದು. ಆ ಒತ್ತಡಕ್ಕೆ ಗಟ್ಟಿಯಾಗಿರುವ ರಬ್ಬರಿನ ತುಟಿಯೂ ಎದ್ದು ನೀರು ಬಿಡುತ್ತದೆ, ಇಲ್ಲದ ಸೋರಿಕೆಯ ಬೆನ್ನು ಹತ್ತಬೇಕಾಗುತ್ತದೆ. ಪೈಪಿನಿಂದ ನೀರು ಚಿಮ್ಮಬಾರದು, ಸುಮ್ಮನೆ ಹರಿಯಬೇಕು.

ಒಳಗಿನ ತಗಡಿಗೆಲ್ಲ ಪೌಡರನ್ನು ತೆಳುವಾಗಿ ಹಚ್ಚಿದೆವು. ಹನಿ ಇಳಿದ ದಾರಿ ಅದರ ಮೇಲೆ ಗೆರೆಯಾಗಿ ಉಳಿಯುವುದರಿಂದ, ಕಣ್ಣು ತಪ್ಪಿದ ಕ್ಷಣದಲ್ಲಿ ಬಂದ ನೀರೂ ಸಿಕ್ಕಿಬೀಳುತ್ತದೆ. ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡುತ್ತಾ ಹೋಗಬೇಕು: ಮೊದಲು ಚಕ್ರದ ಕಮಾನಿನೊಳಗಿನಿಂದ ಎಂಜಿನ್ ಕಡೆಯ ಗೋಡೆಯ ತಳಕ್ಕೆ, ನಂತರ ಬಾಗಿಲಿನ ಕೆಳ ಅಂಚಿಗೆ, ಗಾಳಿಜಾಲರಿಗೆ, ಮುಂಗಾಜಿನ ಕೆಳ ಬೀಡಿಂಗಿಗೆ, ಪಕ್ಕದ ಬೀಡಿಂಗಿಗೆ, ಮೇಲಿನದಕ್ಕೆ, ಎಲ್ಲಕ್ಕಿಂತ ಕೊನೆಗೆ ಛಾವಣಿಗೆ. ಛಾವಣಿಯಿಂದಲೇ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ತೊಯ್ದು ಯಾವುದರಿಂದ ನೀರು ಬಂತೆಂದು ಹೇಳಲು ಬರುವುದಿಲ್ಲ. ಪ್ರತಿ ಜಾಗದಲ್ಲೂ ಕೆಲವು ನಿಮಿಷ ನಿಲ್ಲಲೇಬೇಕು. ಬಿಗಿಯಾದ ಸಂದಿಯಲ್ಲಿ ನೀರು ಹರಿಯುವುದಿಲ್ಲ, ಹೀರಿಕೊಂಡು ತೆವಳುತ್ತದೆ. ಎರಡು ತಗಡುಗಳ ನಡುವಿನ ಸಂದಿ 0.1 ಮಿಲಿಮೀಟರ್ ಇದ್ದು ಮೇಲ್ಮೈಗಳು ಚೆನ್ನಾಗಿ ತೊಯ್ಯುವಂತಿದ್ದರೆ, ಲೆಕ್ಕದ ಪ್ರಕಾರ ನೀರು ಗುರುತ್ವಕ್ಕೆ ವಿರುದ್ಧವಾಗಿ ಸುಮಾರು 15 ಸೆಂಟಿಮೀಟರ್ ಮೇಲೇರಬಲ್ಲದು. ಸೋರಿಕೆಯ ಮೂಲ ಯಾವಾಗಲೂ ಒದ್ದೆಗಿಂತ ಮೇಲೆಯೇ ಇರುತ್ತದೆ ಎಂಬ ನಂಬಿಕೆ ಹಳೆಯ ಜೋಡಣೆಗಳ ವಿಷಯದಲ್ಲಿ ಪೂರ್ತಿ ನಿಜವಲ್ಲ.

ಇದಕ್ಕೆ ಪೂರಕವಾಗಿ ಇನ್ನೊಂದು ವಿಧಾನವೂ ಇದೆ. ಕಿಟಕಿಗಳನ್ನು ಮುಚ್ಚಿ, ಗಾಳಿ ಹೊರಹೋಗುವ ಕಿಂಡಿಗಳಿಗೆ ಪಟ್ಟಿ ಅಂಟಿಸಿ, ಹೊರಗಿನ ಗಾಳಿಯನ್ನು ಒಳಗೆಳೆಯುವ ಸ್ಥಿತಿಯಲ್ಲಿ ಬ್ಲೋವರನ್ನು ಪೂರ್ಣ ವೇಗಕ್ಕೆ ಹಾಕಬೇಕು. ಇಷ್ಟು ಹೊತ್ತಿಗಾಗಿ ಬ್ಯಾಟರಿಯನ್ನು ಮತ್ತೆ ಜೋಡಿಸಿಕೊಳ್ಳಬೇಕಾಗುತ್ತದೆ. ಕ್ಯಾಬಿನ್‌ನೊಳಗೆ ಒತ್ತಡ ಸ್ವಲ್ಪ ಏರಿದಾಗ ಹೊರಗಿನಿಂದ ಸಂದಿಗಳಿಗೆ ಸೋಪಿನ ನೀರು ಹಚ್ಚುತ್ತಾ ಹೋದರೆ ಬಿರುಕಿರುವಲ್ಲಿ ಗುಳ್ಳೆ ಏಳುತ್ತದೆ. ಗಾಜಿನ ಬೀಡಿಂಗಿಗೆ ಇದು ಬಹಳ ಚೆನ್ನಾಗಿ ಒದಗುತ್ತದೆ. ಟೊಳ್ಳು ಕಂಬಗಳ ಮೂಲಕ ಬಳಸಿಕೊಂಡು ಬರುವ ಸೋರಿಕೆಗೆ ಅಷ್ಟಾಗಿ ಒದಗುವುದಿಲ್ಲ.

ಗಾಳಿತೊಟ್ಟಿ

ಮುಂಗಾಜಿನ ಕೆಳಗೆ ಜಾಲರಿಯ ಅಡಿಯಲ್ಲಿರುವ ತೊಟ್ಟಿಯನ್ನು ಮೆಕ್ಯಾನಿಕ್‌ಗಳು ಕೌಲ್ ಎನ್ನುತ್ತಾರೆ. ಬ್ಲೋವರ್ ಗಾಳಿಯನ್ನು ಎಳೆದುಕೊಳ್ಳುವುದು ಇಲ್ಲಿಂದಲೇ. ಜಾಲರಿಯ ಮೂಲಕ ಬೀಳುವ ಮಳೆನೀರು ಎರಡೂ ತುದಿಗಳ ಕೊಳವೆಗಳಿಂದ ಮಡ್‌ಗಾರ್ಡಿನ ಹಿಂದೆ ನೆಲಕ್ಕೆ ಬೀಳಬೇಕು. ಬ್ಲೋವರಿನ ಬಾಯಿಯ ಸುತ್ತ ಎತ್ತರಿಸಿದ ಅಂಚು ಇದ್ದು, ನೀರು ಅದನ್ನು ದಾಟದಿರುವುದು ಕೊಳವೆಗಳು ತೆರೆದಿರುವವರೆಗೆ ಮಾತ್ರ. ಡ್ರೈವರ್ ಬದಿಯ ಕೊಳವೆಯಿಂದ ನೀರು ಸಲೀಸಾಗಿ ಇಳಿಯಿತು. ಕ್ಲೀನರ್ ಬದಿಯಲ್ಲಿ ಒಂದು ಹನಿಯೂ ಬೀಳಲಿಲ್ಲ, ತೊಟ್ಟಿ ತುಂಬುತ್ತಾ ಬಂದು, ಬ್ಲೋವರ್ ಪೆಟ್ಟಿಗೆಯ ಕೆಳಗಿನ ಜೋಡಣೆಯಿಂದ ನೀರು ಒಳಗೆ ಸುರಿಯತೊಡಗಿತು.

ಜಾಲರಿ ತೆಗೆದಾಗ ಕಂಡದ್ದು ಕೊಳೆತು ಕಪ್ಪು ಮಣ್ಣಾದ ಎಲೆಗಳ ದಪ್ಪ ಪದರ. ಅದನ್ನು ಕೈಯಿಂದಲೇ ಬಾಚಿ ತೆಗೆದೆ. ಕೊಳವೆಯ ತುದಿಯಲ್ಲಿ ಧೂಳು ಮೇಲೇರದಂತೆ ಒತ್ತಿಕೊಂಡಿರುವ ರಬ್ಬರಿನ ಎರಡು ತುಟಿಗಳು ಮಣ್ಣು ಮೆತ್ತಿಕೊಂಡು ಅಂಟಿಹೋಗಿದ್ದವು. ಹೊರಗಿನಿಂದ ಬೆರಳಲ್ಲಿ ಹಿಸುಕಿದ ಕೂಡಲೇ ಕೆಸರು ಉದುರಿತು. ಕೊಳವೆಗೆ ಬಾಗುವ ನೈಲಾನ್ ತಂತಿಯನ್ನು ಮೆಲ್ಲನೆ ತೂರಿಸಿದೆ. ಕಂಪ್ರೆಸರ್ ಗಾಳಿಯನ್ನು ಇಲ್ಲಿ ಮೊದಲೇ ಬಿಡುವುದು ಅಪಾಯ, ಏಕೆಂದರೆ ಹಳೆಯ ರಬ್ಬರ್ ಕೊಳವೆ ಕಣ್ಣಿಗೆ ಕಾಣದ ಕಡೆ ತನ್ನ ಜೋಡಣೆಯಿಂದ ಕಳಚಿಕೊಂಡರೆ ಅದೇ ಹೊಸ ಸೋರಿಕೆಯಾಗುತ್ತದೆ. ಆಮೇಲೆ ಬಕೆಟ್ಟಿನಿಂದ ನೀರು ಸುರಿದು, ಎರಡೂ ಬದಿಯ ಧಾರೆ ಒಂದೇ ರಭಸದಲ್ಲಿ ಇಳಿಯುವುದನ್ನು ನೋಡಿಕೊಂಡೆ. ಬ್ಲೋವರ್ ಪೆಟ್ಟಿಗೆಯನ್ನು ಕೂರಿಸಿದ್ದ ಫೋಮ್ ಮುಟ್ಟಿದರೆ ಪುಡಿಯಾಗುವಂತಿತ್ತು. ಅದನ್ನು ಕೆರೆದು ತೆಗೆದು, ನೀರು ಹೀರದ ಮುಚ್ಚುಕೋಶದ ಫೋಮ್ ಪಟ್ಟಿ ಹಾಕಿದೆ. ವೈಪರ್ ದಂಡಗಳ ಬುಡದ ರಬ್ಬರ್ ಉಂಗುರಗಳನ್ನೂ ಅದೇ ಕೈಯಲ್ಲಿ ಬದಲಾಯಿಸಿದೆ. ಅವು ಇನ್ನೂ ಸೋರುತ್ತಿರಲಿಲ್ಲ, ಆದರೆ ಗಟ್ಟಿಯಾಗಿ ಬಿರಿದಿದ್ದವು.

ಛಾವಣಿಯ ಅಂಚು ಮತ್ತು ಟೊಳ್ಳು ಕಂಬ

ಒಳಗೆ ಬರುವ ನೀರು ಬಹುಪಾಲು ನಿಂತಿತು, ಪೂರ್ತಿ ನಿಲ್ಲಲಿಲ್ಲ. ಡ್ಯಾಶ್‌ಬೋರ್ಡಿನ ಕ್ಲೀನರ್ ಬದಿಯ ಮೂಲೆಯಲ್ಲಿ ಹನಿ ಇನ್ನೂ ಕಾಣಿಸಿಕೊಳ್ಳುತ್ತಿತ್ತು. ಮುಂಗಾಜಿನ ಕೆಳಮೂಲೆ ಅದಕ್ಕೆ ಸರಿಯಾಗಿ ಮೇಲಿದ್ದು, ಅಲ್ಲಿ ಯಾರೋ ಹಿಂದೆ ಸಿಲಿಕೋನನ್ನು ಧಾರಾಳವಾಗಿ ಮೆತ್ತಿದ್ದರಿಂದ ಅನುಮಾನವೆಲ್ಲ ಗಾಜಿನ ಮೇಲೆಯೇ. ಆದರೆ ಸಾಬೀತಾಗದ ಅನುಮಾನದ ಮೇಲೆ ಗಾಜು ಬಿಚ್ಚಲು ನನಗೆ ಮನಸ್ಸಿರಲಿಲ್ಲ. ಮುಂಗಾಜಿನ ಸುತ್ತ, ಬೀಡಿಂಗ್ ಪೂರ್ತಿ ಮುಚ್ಚುವಂತೆ ಅಗಲ ಪಟ್ಟಿ ಅಂಟಿಸಿ, ಛಾವಣಿಯ ಅಂಚಿನಲ್ಲಿ ಓಡುವ ನೀರುಗಾಲುವೆಗೆ ಮಾತ್ರ ನೀರು ಬಿಟ್ಟೆ. ಒಳಗೆ ಟಾರ್ಚ್ ಹಿಡಿದು ಕುಳಿತಿದ್ದವನು ನನ್ನ ತಮ್ಮ.

“ಅಣ್ಣಾ, ಹನಿ ಬಿತ್ತು. ಆದರೆ ಗಾಜಿನ ಹತ್ತಿರ ಪೌಡರ್ ಒಣಗೇ ಇದೆ.”

“ಗೆರೆ ಎಲ್ಲಿಂದ ಶುರುವಾಗಿದೆ ನೋಡೋ.”

“ಕಂಬದ ಒಳಗಿಂದ. ವೈರ್ ಹೋಗೋ ತೂತಿಂದ ಇಳೀತಾ ಇದೆ.”

ಛಾವಣಿಯ ತಗಡೂ ಪಕ್ಕದ ತಗಡೂ ಒಂದರ ಮೇಲೊಂದು ಕುಳಿತು, ಅಲ್ಲಲ್ಲಿ ಸ್ಪಾಟ್ ವೆಲ್ಡಿಂಗ್ ಆಗಿ, ನೀರುಗಾಲುವೆ ಆಗಿರುತ್ತದೆ. ವೆಲ್ಡ್ ಚುಕ್ಕೆಗಳ ನಡುವೆ ತಗಡುಗಳು ಬೆಸೆದಿರುವುದಿಲ್ಲ. ಅಲ್ಲಿ ನೀರನ್ನು ತಡೆಯುವುದು ಕಾರ್ಖಾನೆಯಲ್ಲಿ ಎಳೆದ ಸೀಲಂಟಿನ ಪಟ್ಟಿ ಮಾತ್ರ. ವರ್ಷಗಳ ಬಿಸಿಲಿಗೆ ಅದರ ಮೆದುತನ ಹೋಗುತ್ತದೆ, ಕ್ಯಾಬಿನ್ ಪ್ರತಿ ಹಳ್ಳದಲ್ಲೂ ಸ್ವಲ್ಪ ತಿರುಚಿಕೊಳ್ಳುವುದರಿಂದ ಗಟ್ಟಿಯಾದ ಪಟ್ಟಿ ಸೀಳುತ್ತದೆ. ಸೀಳಿನೊಳಗೆ ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಎರಡು ತಗಡುಗಳನ್ನು ಒಳಗಿನಿಂದ ದೂಡಿ ಸಂದಿಯನ್ನು ಇನ್ನಷ್ಟು ಬಾಯಿ ತೆರೆಸುತ್ತದೆ. ಇಲ್ಲಿ ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕು, ಅದರ ಕೆಳಗೆ ಕಂದುಬಣ್ಣದ ಸಣ್ಣ ಬಾಲ, ಇಷ್ಟೇ ಕಾಣುತ್ತಿದ್ದದ್ದು. ಗೀರುಸೂಜಿಯ ಮೊನೆಯಿಂದ ಎಬ್ಬಿಸಿದಾಗ ಒಂದು ಗೇಣಿನಷ್ಟು ಸೀಲಂಟ್ ತಗಡಿಗೆ ಅಂಟಿಕೊಳ್ಳದೆ ಸುಮ್ಮನೆ ಕೂತಿದ್ದದ್ದು ತಿಳಿಯಿತು.

ಇಲ್ಲಿ ಹಳೆಯದರ ಮೇಲೆ ಹೊಸದನ್ನು ಬಳಿಯುವುದು ವ್ಯರ್ಥ. ಗಟ್ಟಿಯಾಗಿ ಹಿಡಿದಿರುವ ಭಾಗ ಸಿಗುವವರೆಗೆ ಎರಡೂ ಕಡೆ ಹಳೆಯ ಸೀಲಂಟನ್ನು ಕೆರೆದು ತೆಗೆದೆ. ತುಂಬ ಹಳೆಯ ವಾಹನಗಳ ಜೋಡಣೆಗಳಲ್ಲಿ ಸೀಸ ತುಂಬಿರುವುದುಂಟು, ಬಣ್ಣದಲ್ಲೂ ಸೀಸ ಇರಬಹುದು. ಹಾಗಾಗಿ ಒಣ ಧೂಳು ಏಳದಂತೆ ಎಮರಿ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜುವುದು, ಮಾಸ್ಕ್ ಹಾಕುವುದು ಕಡ್ಡಾಯ. ವೈರ್ ಬ್ರಷ್ಷಿನಲ್ಲಿ ಸಡಿಲ ತುಕ್ಕು ತೆಗೆದು, ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿದೆ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಾಯಿಸುತ್ತದೆ. ಡಬ್ಬಿಯ ಮೇಲೆ ಬರೆದಿರುವಂತೆ ಉಳಿದ ಆಮ್ಲವನ್ನು ತೊಳೆದು, ಸಂದಿಯೊಳಗಿನ ತೇವ ಹೋಗುವವರೆಗೆ ಹೀಟ್ ಗನ್ನಿನ ಹದವಾದ ಬಿಸಿಯಲ್ಲಿ ಒಣಗಿಸಿದೆ. ಅದರ ಮೇಲೆ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್, ಪ್ರೈಮರ್ ಒಣಗಿದ ಮೇಲೆ ಪಾಲಿಯುರೆಥೇನ್ ಸೀಮ್ ಸೀಲರ್. ಸೀಲರನ್ನು ಸಂದಿಯೊಳಗೆ ಒತ್ತಿ, ಮೇಲ್ಮೈಯನ್ನು ಬ್ರಷ್ಷಿನಲ್ಲಿ ಇಳಿಜಾರಾಗಿ ತೀಡಿದೆ. ನೀರು ನಿಲ್ಲುವ ಕುಳಿ ಎಲ್ಲಿಯೂ ಉಳಿಯಬಾರದು. ಸೀಲರ್ ಬಲಿತ ಮೇಲೆ ಬಣ್ಣ ಬಳಿದೆ.

ಸಿಲಿಕೋನನ್ನು ತಗಡಿನ ಜೋಡಣೆಗೆ ಬಳಸಬಾರದೆಂದು ನಾನು ಒತ್ತಿ ಹೇಳುತ್ತೇನೆ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಒರೆಸಿ ತೆಗೆದ ಮೇಲೂ ಉಳಿಯುವ ಅಂಶದಿಂದ ಹೊಸ ಬಣ್ಣದಲ್ಲಿ ಕುಳಿಗಳು ಬೀಳುತ್ತವೆ. ವಿನೆಗರಿನ ಘಾಟು ಬರುವ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುವುದರಿಂದ ಬರಿಯ ಉಕ್ಕಿಗೆ ತಾನೇ ತುಕ್ಕು ಹಿಡಿಸುತ್ತದೆ.

ಕಂಬದ ಟೊಳ್ಳಿನೊಳಗೂ ಇಷ್ಟು ಕಾಲ ನೀರು ಇಳಿದಿತ್ತು. ವೈರಿನ ತೂತಿನಿಂದ ಗಾಳಿ ಹಾಯಿಸಿ ಒಣಗಿಸಿ, ಉದ್ದ ನಳಿಗೆಯಿಂದ ಒಳಮೈಗೆ ತುಕ್ಕು ತಡೆಯುವ ಮೇಣ ಸಿಂಪಡಿಸಿದೆ. ಈ ಮೇಣವನ್ನು ಸೀಲರ್, ಬಣ್ಣ ಎರಡೂ ಮುಗಿದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಅದು ಸಂದಿಗಳಿಂದ ಒಸರಿ ಬಂದು ಸೀಲರ್ ಅಂಟದಂತೆ ಮಾಡುತ್ತದೆ. ಛಾವಣಿಯ ಮೇಲಿನ ಗುರುತುದೀಪಗಳ ಗ್ಯಾಸ್ಕೆಟ್‌ಗಳೂ ಆಂಟೆನಾದ ಬುಡವೂ ಗಟ್ಟಿಯಾಗಿದ್ದವು, ಬದಲಾಯಿಸಿದೆ.

ಮುಂಗಾಜು

ಛಾವಣಿ ಮುಗಿದ ಮೇಲೆ ಗಾಜಿನ ಸುತ್ತಲಿನ ಪಟ್ಟಿಯನ್ನು ತುಂಡು ತುಂಡಾಗಿ ಬಿಚ್ಚುತ್ತಾ ನೀರು ಬಿಟ್ಟೆವು. ಕೆಳಮೂಲೆ ತೆರೆದಾಗ ಪೌಡರಿನ ಮೇಲೆ ಗೆರೆ ಮೂಡಿತು. ಹೀಗಾಗಿ ಅಲ್ಲಿದ್ದದ್ದು ಎರಡು ಸೋರಿಕೆ, ಎರಡೂ ಒಂದೇ ಮೂಲೆಯಲ್ಲಿ ಬಂದು ಸೇರುತ್ತಿದ್ದವು. ಒಂದನ್ನು ಸರಿಪಡಿಸಿ ಇನ್ನೊಂದನ್ನು ಬಿಟ್ಟಿದ್ದರೆ, ಮಾಡಿದ ಕೆಲಸವೇ ಸರಿಯಿಲ್ಲವೆಂದು ಕಾಣುತ್ತಿತ್ತು.

ಇಂಥ ಬೀಡಿಂಗಿಗೆ ಉದ್ದಕ್ಕೂ ಎರಡು ತೋಡುಗಳಿರುತ್ತವೆ. ಒಂದರಲ್ಲಿ ಗಾಜು, ಇನ್ನೊಂದರಲ್ಲಿ ಚೌಕಟ್ಟಿನ ತಗಡಿನ ಅಂಚು. ರಬ್ಬರ್ ಹಳತಾಗಿ ಕುಗ್ಗಿದಾಗ ಮೊದಲು ಬಿಟ್ಟುಕೊಳ್ಳುವುದು ಮೂಲೆಗಳಲ್ಲಿ. ಒಳಗಿನಿಂದ ತುಟಿಯನ್ನು ಮರದ ಚಪ್ಪಟೆ ಕಡ್ಡಿಯಲ್ಲಿ ಎಬ್ಬಿಸುತ್ತಾ, ಹೊರಗೆ ಗಾಜು ಹಿಡಿಯಲು ಒಬ್ಬರನ್ನು ನಿಲ್ಲಿಸಿ ತೆಗೆದೆವು. ಹಳೆಯ ಬೀಡಿಂಗನ್ನು ಉಳಿಸಿಕೊಳ್ಳುವ ಉದ್ದೇಶವಿಲ್ಲದಿದ್ದರೆ ಅದನ್ನು ಹೊರಗಿನಿಂದ ಕತ್ತರಿಸಿಬಿಡುವುದೇ ಗಾಜಿಗೆ ಕ್ಷೇಮ. ಲ್ಯಾಮಿನೇಟೆಡ್ ಗಾಜಿನ ಅಂಚಿಗೆ ಸ್ಕ್ರೂಡ್ರೈವರಿನ ಮೊನೆ ತಾಗಿ ಸಣ್ಣ ಚಕ್ಕೆ ಎದ್ದರೂ ಬಿರುಕು ಅಲ್ಲಿಂದಲೇ ಓಡುತ್ತದೆ.

ಸಿಲಿಕೋನಿನ ಅಡಿಯಲ್ಲಿ ತಗಡಿನ ಅಂಚು ತುಕ್ಕು ಹಿಡಿದು ತೆಳುವಾಗಿತ್ತು, ಒಂದೆಡೆ ತೂತೇ ಬಿದ್ದಿತ್ತು. ಆ ಭಾಗವನ್ನು ಕತ್ತರಿಸಿ ಅದೇ ದಪ್ಪದ ಹೊಸ ತಗಡನ್ನು ವೆಲ್ಡ್ ಮಾಡಿಸಿ, ಬೀಡಿಂಗ್ ಕೂರುವ ಮಟ್ಟಕ್ಕೆ ಸಮನಾಗಿ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಬಳಿದು ಚೆನ್ನಾಗಿ ಬಲಿಯಲು ಬಿಟ್ಟೆ. ಹಸಿ ಬಣ್ಣದ ಮೇಲೆ ರಬ್ಬರ್ ಎಳೆದರೆ ಬಣ್ಣ ಕಿತ್ತು ತುಕ್ಕು ಮತ್ತೆ ಮೊದಲಾಗುತ್ತದೆ.

ಗಾಜು ಕೂರಿಸಲು ಹುರಿಯ ವಿಧಾನ ಅನುಸರಿಸಿದೆವು. ಹೊಸ ಬೀಡಿಂಗನ್ನು ಬಿಸಿಲಿನಲ್ಲಿಟ್ಟು ಮೆದುವಾದ ಮೇಲೆ ಗಾಜಿನ ಸುತ್ತ ಹಾಕಿ, ತಗಡಿಗಾಗಿರುವ ತೋಡಿನೊಳಗೆ ನಯವಾದ ನೈಲಾನ್ ಹುರಿಯನ್ನು ಸುತ್ತಲೂ ಕೂರಿಸಿ, ಎರಡೂ ತುದಿಗಳು ಕೆಳಗಡೆಯ ನಡುವಿನಲ್ಲಿ ಒಂದರ ಮೇಲೊಂದು ಹಾದು ಕ್ಯಾಬಿನ್‌ನ ಒಳಗೆ ಇಳಿಬೀಳುವಂತೆ ಬಿಟ್ಟೆ. ರಬ್ಬರಿಗೂ ತಗಡಿಗೂ ಸೋಪಿನ ನೀರು ಹಚ್ಚಿದ್ದೆ. ಗ್ರೀಸನ್ನೂ ಎಂಜಿನ್ ಎಣ್ಣೆಯನ್ನೂ ಹಚ್ಚಬಾರದು, ಬೀಡಿಂಗಿನ ಇಪಿಡಿಎಂ ಎಂಬ ಕೃತಕ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಉಬ್ಬಿ ಹಾಳಾಗುತ್ತದೆ. ತಮ್ಮ ಹೊರಗಿನಿಂದ ಅಂಗೈಗಳಲ್ಲಿ ಒತ್ತಿ ಹಿಡಿದ. ನಾನು ಒಳಗಿನಿಂದ ಹುರಿಯನ್ನು ಗಾಜಿನ ನಡುಭಾಗದ ಕಡೆಗೆ ನಿಧಾನವಾಗಿ ಎಳೆಯುತ್ತಾ ಹೋದೆ. ಹುರಿ ಹೊರಬಂದಂತೆ ಅದರ ಹಿಂದೆಯೇ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಮಗುಚಿಕೊಂಡು ಕೂರುತ್ತದೆ. ಹೊರಗಿನವರು ಹುರಿ ಎಳೆಯುತ್ತಿರುವ ಜಾಗಕ್ಕೆ ಎದುರಾಗಿಯೇ ಅಂಗೈ ಸರಿಸುತ್ತಾ ಬರಬೇಕು, ಮೂಲೆಗಳಲ್ಲಿ ಗುದ್ದಬಾರದು. ಎಲ್ಲ ಕೂತ ಮೇಲೆ ಗಾಜು ಮತ್ತು ರಬ್ಬರಿನ ನಡುವೆ, ರಬ್ಬರ್ ಮತ್ತು ತಗಡಿನ ನಡುವೆ ಎಂದೂ ಗಟ್ಟಿಯಾಗದ ಬಗೆಯ ಬೀಡಿಂಗ್ ಸೀಲಂಟನ್ನು ತೆಳು ನಳಿಗೆಯಿಂದ ತುಂಬಿದೆ.

ಗಾಜನ್ನು ಯುರೆಥೇನ್ ಅಂಟಿನಿಂದ ಕೂರಿಸಿರುವ ವಾಹನಗಳಿಗೆ ಈ ವಿಧಾನ ಹೊಂದುವುದಿಲ್ಲ. ಅಲ್ಲಿ ಗಾಜು ಕ್ಯಾಬಿನ್‌ನ ಬಲದ ಭಾಗವೇ ಆಗಿರುವುದರಿಂದ ಅದು ಆ ಕೆಲಸ ಬಲ್ಲವರ ಕೈಯಲ್ಲೇ ಆಗಬೇಕು.

ಬಾಗಿಲು

ಬಾಗಿಲಿನ ಸೋರಿಕೆ ಎಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಸುತ್ತಲಿನ ರಬ್ಬರಿಗೆ. ನನ್ನ ಅನುಭವದಲ್ಲಿ ಒಳಹಲಗೆಯ ಹಿಂದಿರುವ ತೆಳುವಾದ ಪ್ಲಾಸ್ಟಿಕ್ ಹಾಳೆಯೇ ಹೆಚ್ಚು ಬಾರಿ ಕಾರಣ. ಕಿಟಕಿಯ ಗಾಜಿನ ಹೊರಗೆ ಹರಿಯುವ ನೀರಿನಲ್ಲಿ ಒಂದು ಪಾಲು ಗಾಜಿಗೆ ತಾಗಿರುವ ರಬ್ಬರ್ ಪಟ್ಟಿಯನ್ನು ದಾಟಿ ಬಾಗಿಲಿನ ಹೊಟ್ಟೆಯೊಳಗೆ ಇಳಿದೇ ಇಳಿಯುತ್ತದೆ. ಅದು ತಳದ ಸೀಳುಗಳಿಂದ ಹೊರಬೀಳಬೇಕು. ಆದರೆ ಬಾಗಿಲಿನ ಒಳಬದಿಯ ತಗಡಿನಲ್ಲಿ ಕೈಯಾಡಿಸಲೆಂದು ದೊಡ್ಡ ಕಿಂಡಿಗಳಿರುತ್ತವೆ. ಗಾಜಿನ ಯಂತ್ರಕ್ಕೆ ತಾಗಿ ಸಿಡಿದ ಹನಿಗಳು ಆ ಕಿಂಡಿಗಳಿಂದ ಒಳಹಲಗೆಗೆ ಬೀಳದಂತೆ ತಡೆಯುವುದು ಈ ಹಾಳೆ. ಎಂದೋ ಗಾಜಿನ ಹ್ಯಾಂಡಲ್ ರಿಪೇರಿ ಮಾಡುವಾಗ ಹಾಳೆಯನ್ನು ಹರಿದು ಬಿಸಾಡಿದರೆ, ಅಲ್ಲಿಂದಾಚೆಗೆ ಪ್ರತಿ ಮಳೆಯೂ ಒಳಹಲಗೆಯನ್ನು ತೊಯಿಸಿ ನೆಲಕ್ಕಿಳಿಯುತ್ತದೆ. ಕ್ಲೀನರ್ ಬದಿಯ ಬಾಗಿಲಿನಲ್ಲಿ ಹಾಳೆಯ ಮೇಲಿನ ಅರ್ಧ ಮಾತ್ರ ಉಳಿದಿತ್ತು.

ದಪ್ಪ ಪಾಲಿಥೀನ್ ಹಾಳೆಯ ಮೇಲೆ ಹಳೆಯ ಒಳಹಲಗೆಯ ಆಕಾರ ಗೀಚಿಕೊಂಡು ಕತ್ತರಿಸಿ, ಸುತ್ತಲೂ ಬ್ಯೂಟೈಲ್ ಅಂಟುಹುರಿಯಿಂದ ಅಂಟಿಸಿದೆ. ಈ ಕೆಲಸದ ಮರ್ಮವೆಲ್ಲ ಕೆಳ ಅಂಚಿನಲ್ಲಿದೆ. ಒಳತಗಡಿನ ಕೆಳಭಾಗದಲ್ಲಿ ಅಡ್ಡಲಾಗಿ ಒಂದು ಸೀಳು ಇರುತ್ತದೆ. ಹಾಳೆಯ ಕೆಳ ತುದಿಯನ್ನು ಅದರೊಳಕ್ಕೆ, ಬಾಗಿಲಿನ ಹೊಟ್ಟೆಯ ಕಡೆಗೆ ಇಳಿಬಿಡಬೇಕು. ಆಗ ಹಾಳೆಯ ಮೇಲೆ ಇಳಿದ ನೀರು ಬಾಗಿಲಿನೊಳಗೇ ಬಿದ್ದು ತಳದಿಂದ ಹೊರಹೋಗುತ್ತದೆ. ಸೀಳಿನೊಳಗೆ ಇಳಿಬಿಡದೆ ತಗಡಿನ ಮೇಲೆಯೇ ಅಂಟಿಸಿದರೆ ಅಷ್ಟೂ ನೀರು ಕ್ಯಾಬಿನ್‌ಗೇ ಬರುತ್ತದೆ. ತಳದ ಸೀಳುಗಳನ್ನು ಮರದ ಕಡ್ಡಿಯಿಂದ ಬಿಡಿಸಿದಾಗ ಒಳಗೆ ನಿಂತಿದ್ದ ನೀರು ಹೊರಗೆ ಸುರಿಯಿತು.

ಸುತ್ತಲಿನ ರಬ್ಬರನ್ನು ಪರೀಕ್ಷಿಸಲು ಕಾಗದದ ಪಟ್ಟಿಯನ್ನು ಅಡ್ಡವಿಟ್ಟು ಬಾಗಿಲು ಮುಚ್ಚಿ ಎಳೆದು ನೋಡುತ್ತಾ ಬಂದೆ. ಹಿಡಿತವಿದ್ದಲ್ಲಿ ಕಾಗದ ಬಿಗಿಯಾಗಿ ಬರುತ್ತದೆ, ಇಲ್ಲದಲ್ಲಿ ತಾನಾಗಿ ಜಾರುತ್ತದೆ. ಹಿಂಭಾಗದ ಮೇಲಿನ ಮೂಲೆಯಲ್ಲಿ ಅದು ಜಾರಿತು. ರಬ್ಬರಿಗೆ ಚಾಕ್ ಬಳಿದು ಬಾಗಿಲು ಮುಚ್ಚಿ ತೆಗೆದಾಗ ಚೌಕಟ್ಟಿನ ಮೇಲೆ ಬಿದ್ದ ಗೆರೆ ಅಲ್ಲಿಯೇ ಕಡಿದುಹೋಗಿತ್ತು. ರಬ್ಬರ್ ಮೆದುವಾಗಿಯೇ ಇತ್ತು, ಬಾಗಿಲು ಇಳಿದಿತ್ತು. ಹಿಂಜಿನ ಪಿನ್ ಬದಲಾಯಿಸಿ, ಲಾಕಿನ ಕೊಂಡಿಯನ್ನು ಸ್ವಲ್ಪ ಒಳಗೆ ಸರಿಸಿದ ಮೇಲೆ ಗೆರೆ ಅಖಂಡವಾಯಿತು. ಬಾಗಿಲು ಎಷ್ಟು ಹೊಂದಿಸಿದರೂ ಸರಿಹೋಗದಿದ್ದರೆ ಕ್ಯಾಬಿನ್‌ನ ಅಡಿಯ ಮೌಂಟಿಂಗ್ ರಬ್ಬರುಗಳನ್ನು ನೋಡಬೇಕು. ಒಂದು ಮೂಲೆಯ ರಬ್ಬರ್ ಕುಸಿದರೆ ಕ್ಯಾಬಿನ್ ತಿರುಚಿಕೊಂಡು ಬಾಗಿಲಿನ ಚೌಕಟ್ಟೇ ಓರೆಯಾಗಿರುತ್ತದೆ.

ಉಳಿದದ್ದು, ನೆಲ

ಒದ್ದೆ ರಸ್ತೆಯಲ್ಲಿ ಓಡಿಸಿದಾಗ ಮಾತ್ರ ಬರುವ ನೀರೂ ಒಂದಿತ್ತು. ಚಕ್ರದಿಂದ ಎರಚಿದ ನೀರು, ವೈರಿಂಗ್ ಕಟ್ಟು ಎಂಜಿನ್ ಗೋಡೆಯನ್ನು ದಾಟುವ ತೂತಿನ ರಬ್ಬರ್ ಬಳೆಯಾದ ಗ್ರಾಮೆಟ್‌ನ ಸೀಳಿನಿಂದ ಬರುತ್ತಿತ್ತು. ತೂತಿನ ಅಳತೆಗೆ ಸರಿಯಾದ ಹೊಸ ಗ್ರಾಮೆಟ್ ಹಾಕಿ, ಹೊರಗಡೆ ವೈರಿಂಗ್ ಕಟ್ಟು ಗೋಡೆ ತಲುಪುವ ಮೊದಲು ಒಮ್ಮೆ ಕೆಳಗೆ ಜೋತು ಮೇಲೇರುವಂತೆ ಕಟ್ಟಿದೆ. ತಂತಿಯನ್ನು ಹಿಡಿದು ಬರುವ ಹನಿ ಆ ತಗ್ಗಿನಲ್ಲೇ ಉದುರಿಹೋಗುತ್ತದೆ. ಫ್ಯೂಸ್ ಪೆಟ್ಟಿಗೆಯ ತಾಮ್ರದ ಕಾಲುಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು, ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಸ್ವಚ್ಛ ಮಾಡಿದೆ.

ನೆಲದ ತಗಡನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿದಾಗ ಎಲ್ಲಿಯೂ ತೂತಾಗುವಷ್ಟು ತೆಳುವಾಗಿರಲಿಲ್ಲ. ಚಕ್ಕೆ ಕೆರೆದು, ಛಾವಣಿಗೆ ಮಾಡಿದ ಉಪಚಾರವನ್ನೇ ಇಲ್ಲಿಗೂ ಮಾಡಿದೆ. ನೆಲದ ರಬ್ಬರ್ ಬಿರಡೆಗಳನ್ನು ಹೊಸದಾಗಿ ಹಾಕಿದೆ. ಮ್ಯಾಟು, ಪ್ಯಾಡು ಏನನ್ನೂ ಹಾಕದೆ, ಬರಿಯ ನೆಲಕ್ಕೆ ಪೌಡರ್ ಹಚ್ಚಿ, ಹೋಸ್ ಪೈಪಿನ ಪರೀಕ್ಷೆಯನ್ನು ಮೊದಲಿನಿಂದ ಮತ್ತೊಮ್ಮೆ ಮಾಡಿ, ಆಮೇಲೆ ನಿಜವಾದ ಜೋರು ಮಳೆಗೆ ಕಾದೆ. ಲಾರಿಯನ್ನು ಒಮ್ಮೆ ಸಮತಟ್ಟಾಗಿ, ಒಮ್ಮೆ ಮೂತಿ ತಗ್ಗಿಗೆ ಇರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದೆ, ಏಕೆಂದರೆ ಸಮತಟ್ಟಿನಲ್ಲಿ ಕೊಳವೆಯ ಕಡೆ ಹೋಗುವ ನೀರು ಓರೆಯಲ್ಲಿ ಬೇರೆ ದಿಕ್ಕು ಹಿಡಿಯಬಹುದು. ಎರಡೂ ಸ್ಥಿತಿಯಲ್ಲಿ ಪೌಡರ್ ಗೆರೆಯಿಲ್ಲದೆ ಉಳಿಯಿತು.

ನಾರಿನ ಪ್ಯಾಡಿನ ಬದಲು ನೀರು ಹೀರದ ಮುಚ್ಚುಕೋಶದ ಫೋಮನ್ನು ತುಂಡುಗಳಾಗಿ ಕತ್ತರಿಸಿ, ಅಂಟಿಸದೆ ಸುಮ್ಮನೆ ಹಾಸಿ, ಮೇಲೆ ಮ್ಯಾಟು ಹಾಕಿದ್ದೇನೆ. ಯಾವ ತುಂಡನ್ನಾದರೂ ಆಸನ ಬಿಚ್ಚದೆ ಎತ್ತಿ ಕೆಳಗೆ ಕೈಯಾಡಿಸಬಹುದು. ಹಿಂಗಾಜಿನ ಬೀಡಿಂಗ್ ಗಟ್ಟಿಯಾಗಿದ್ದರೂ ಇನ್ನೂ ಹಿಡಿದಿದೆ; ಕ್ಯಾಬಿನ್‌ನ ಹಿಂಬದಿಗೆ ಬಣ್ಣ ಮಾಡುವಾಗ ಹೇಗೂ ಗಾಜು ತೆಗೆಯಬೇಕಾದ್ದರಿಂದ ಅದನ್ನು ಆಗ ಬದಲಾಯಿಸುತ್ತೇನೆ. ಗಾಳಿತೊಟ್ಟಿಯ ಎರಡು ಕೊಳವೆಗಳನ್ನೂ ಬಾಗಿಲುಗಳ ತಳದ ಸೀಳುಗಳನ್ನೂ ಎಂಜಿನ್ ಎಣ್ಣೆ ಬದಲಾಯಿಸುವಾಗಲೆಲ್ಲ ನೋಡುವ ಪಟ್ಟಿಗೆ ಸೇರಿಸಿದ್ದೇನೆ.